ಹಿತ್ತಲಿಗೆ ಫರ್ಶಿ (ಹಾಸುಗಲ್ಲು) ಹಾಕೋಕಿಂತ ಮೊದಲ ನೀರಿನ ದಾರಿ ನೋಡೋದು ಹ್ಯಾಂಗ? ಗುಂಡಿ ನೀರು 12 ನಿಮಿಷದಾಗ ಮಾಯ!

ಕರಿಬೇವಿನ ಕುಂಡ (ಪುಣೆ) · ಮೇ 6, ರಾತ್ರಿ 9:40
ಎಲ್ಲಾರಿಗೂ ನಮಸ್ಕಾರ. ನಾವು ಧಾರವಾಡದವರು, ಪುಣೆಗೆ ಬಂದು 11 ವರ್ಷ ಆತು. ಹಡಪ್ಸರ್ ದಾಟಿ ಮಾಂಜರಿ ಕಡೆ ರೋ ಹೌಸ್ ಐತಿ. ಮೊದಲ ಅಲ್ಲೆ ಕಬ್ಬಿನ ಹೊಲ ಇತ್ತಂತ. ಹಿತ್ತಲಾಗ 15 ಅಡಿ ಉದ್ದ, 12 ಅಡಿ ಅಗಲ ಜಾಗ. ಸದ್ಯ ಬರೇ ಮಣ್ಣು, ಒಂದು ತುಳಸಿ, ಒಂದು ಕರಿಬೇವು, ಅತ್ತೆಯವರ ಮಲ್ಲಿಗಿ ಬಳ್ಳಿ. ಅಲ್ಲೆ ಶಹಾಬಾದ್ ಫರ್ಶಿ ಹಾಸಿ, ಎರಡು ಕುರ್ಚಿ ಇಟ್ಟು ಸಂಜಿಮುಂದ ಚಹಾ ಕುಡೀಬೇಕಂತ ನನ್ನ ಆಸೆ. ಗೌಂಡಿ ಮೇ 20ಕ್ಕ ಬರ್ತೀನಂದಾನ.

ಚಿಂತಿ ಏನಂದ್ರ, ಹೋದ ಮಳಿಗಾಲದಾಗ ಅಡಿಗಿಮನಿ ಬಾಗಲ ಮುಂದ ಎರಡೆರಡು ದಿನ ನೀರು ನಿಂತಿತ್ತು. ಆಫೀಸಿನ್ಯಾಗ ಒಬ್ರು ಹೇಳಿದ್ರು, ಒಂದಡಿ ಗುಂಡಿ ತೋಡಿ ನೀರು ಹಾಕಿ ನೋಡ್ರಿ, ಎಷ್ಟೊತ್ತಿಗೆ ಇಂಗತೈತಿ ಅಂತ ಗೊತ್ತಾಗತೈತಿ ಅಂತ. ಇವತ್ತ ಮಾಡಿದೆ. ಎರಡು ಬಕೆಟ್ ನೀರು, 12 ನಿಮಿಷಕ್ಕ ತಳ ಕಂಡಿತು. ಗೌಂಡಿಗೆ ಫೋನ್ ಮಾಡಿದ್ರ ನಕ್ಕ. ಯಾದಗಿರಿ ಕಡೆಯಾಂವ. "ಅಕ್ಕಾರ, ನಿಮ್ದು ನೀರು ಕುಡಿಯೋ ಜಮೀನು, ಆರಾಮ ಇರ್ರಿ" ಅಂದ. ನಮ್ಮನಿಯವ್ರೂ ಅದನ್ನ ಅಂತಾರ.

ಖರೇ ಐತೇನ್ರಿ? ಹಂಗಿದ್ರ ಹೋದ ವರ್ಷ ನಿಂತ ನೀರು ಯಾವೂರಿಂದ ಬಂದಿತ್ತು?

8:17ರ ಲೋಕಲ್ (ಡೊಂಬಿವಲಿ) · ರಾತ್ರಿ 9:52
ಹಿತ್ತಲು ಅಂತ ಒಂದು ಇದೆಯಲ್ಲ ನಿಮಗೆ, ಮೊದಲು ಅದಕ್ಕೆ ದೃಷ್ಟಿ ತೆಗೀರಿ. ನಮ್ಮದು ಗ್ರಿಲ್ಲಿನೊಳಗೆ ನಾಲ್ಕು ಕುಂಡ. ಡ್ರೈನೇಜ್ ಅಂದ್ರೆ ಕೆಳಗಿನ ಮನೆಯವರು ಬಂದು ಬೆಲ್ ಒತ್ತೋದು.

ಗರಸಿನ ದಾರಿ (ಚಿಂಚವಾಡ) · ರಾತ್ರಿ 10:15
ಅಕ್ಕಾರ, ಮೋಸ ಹೋಗಬ್ಯಾಡ್ರಿ. ನಿಮ್ಮದು ಎರೆಮಣ್ಣು. ನಮ್ಮಪ್ಪ ವಿಜಯಪುರದ ಕಡೆ ಎರೆಹೊಲ ಮಾಡ್ತಾನ, ನಾ ಅದರಾಗ ಹುಟ್ಟಿ ಬೆಳದಾಂವ. ಮೇ ತಿಂಗಳದಾಗ ಎರೆ ಬಿರುಕು ಬಿಟ್ಟಿರತೈತಿ, ಕೈ ಹಾಕಿದ್ರ ಮೊಣಕೈತನಾ ಹೋಗತೈತಿ. ನೀವು ಹಾಕಿದ ಎರಡು ಬಕೆಟ್ ಆ ಬಿರುಕಿನ್ಯಾಗ ಇಳದು ಹೋಗೇತಿ. ಮಳಿ ಹತ್ತಿ ಒಂದು ವಾರಕ್ಕ ಮಣ್ಣು ಉಬ್ಬಿ ಬಿರುಕೆಲ್ಲಾ ಮುಚ್ಚತಾವು. ಆಮ್ಯಾಲ ಅದೇ ಗುಂಡಿ ಹಂಡೆ ಇದ್ದಂಗ.

ಹಿಂಗ ಮಾಡ್ರಿ. ಗುಂಡಿ ಮುಚ್ಚಬ್ಯಾಡ್ರಿ. ನಾಳೆ ಇಡೀ ದಿನ ಇಳದಂಗ ಇಳದಂಗ ತುಂಬಸ್ರಿ, ರಾತ್ರಿನೂ ತುಂಬಿಟ್ಟು ಮಲಗ್ರಿ. 24 ತಾಸು ಮಣ್ಣು ನೀರು ಕುಡೀಲಿ. ಮರುದಿನ ಮುಂಜಾನೆ ಮತ್ತ ತುಂಬಿಸಿ, ಸ್ಕೇಲ್ ನೆಟ್ಟು ತಾಸಿಗೊಮ್ಮೆ ಓದ್ರಿ. ಆವಾಗಿಂದು ಖರೇ ಲೆಕ್ಕ.

ಕೋಥ್ರೂಡ್ ಕಾಂಕ್ರೀಟ್ · ರಾತ್ರಿ 10:31
ಗುಂಡಿ ಗಿಂಡಿ ಎಲ್ಲ ಯಾಕ್ರೀ? ಹೇಗಿದ್ರೂ ಮೇಲೆ ಫರ್ಶಿ ಬರುತ್ತೆ, ನೀರು ಮಣ್ಣಿಗೆ ಇಳಿಯೋದೇ ಇಲ್ಲ. 4 ಇಂಚು ಪಿಸಿಸಿ (ಕಬ್ಬಿಣ ಇಲ್ಲದ ಸಾದಾ ಕಾಂಕ್ರೀಟ್), ಮೇಲೆ ಫರ್ಶಿ, ನೀರು ಹರಿದು ಹೋಗೋ ಹಾಗೆ ಸರಿಯಾಗಿ ವಾಟ ಕೊಡಿಸಿ. ಮುಗೀತು. ಪುಣೆ ಊರೊಳಗೆ ವರ್ಷಕ್ಕೆ 700-750 ಮಿ.ಮೀ ಮಳೆ, ಗೋವಾದ ಕಾಲು ಭಾಗ. ಇಷ್ಟಕ್ಕೆ ಇಷ್ಟು ಸಂಶೋಧನೆ ಬೇಡ.

ಗರಸಿನ ದಾರಿ · ರಾತ್ರಿ 10:38
ಎರೆ ಮ್ಯಾಲ ನೇರ ಪಿಸಿಸಿ ಹಾಕಿದ್ರ ಎರಡು ಮಳಿಗಾಲದಾಗ ಫರ್ಶಿ ಹಪ್ಪಳ ಆಗತಾವು ಸರ್. ಮಳಿಗೆ ಮಣ್ಣು ಏಳತೈತಿ, ಬ್ಯಾಸಗಿಗೆ ಕುಂದ್ರತೈತಿ. ಸರಾಸರಿ ಲೆಕ್ಕ ಇಟ್ಕೊಂಡು ಕುಂತ್ರ ಆಗೂದಿಲ್ಲ. 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ ಓಢಾ ಅನ್ನೋ ಹಳ್ಳ ಉಕ್ಕಿ ಹರಿದಾಗ ಇದೇ ಪುಣೆ, ಇದೇ 700 ಮಿ.ಮೀ ಊರು.

ಹಳೇ ಓವರ್ಸಿಯರ್ (ಪುಣೆ) · ಮೇ 7, ಬೆಳಿಗ್ಗೆ 6:05
ತಂಗಿ, ಗರಸಿನ ದಾರಿಯವರು ಹೇಳಿದ್ದು ಸರಿ. ದಖ್ಖನ್ನಿನ ಕರಿಕಲ್ಲು ಸವೆದು ಆದ ಮಣ್ಣು ಇದು. ಇದರಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಇರುತ್ತದೆ, ನೀರು ಸಿಕ್ಕರೆ ಉಬ್ಬುವುದೇ ಅದರ ಗುಣ. ಕೋಥ್ರೂಡಿನವರ ಮಾತಿನಲ್ಲೂ ಅರ್ಧ ಸತ್ಯ ಇದೆ. ಫರ್ಶಿ ಹಾಸಿದ ಮೇಲೆ ನೀರು ಹೊರಗೆ ಹೋಗಬೇಕಾದ್ದು ವಾಟದಿಂದ, ಇಂಗುವುದರಿಂದ ಅಲ್ಲ. ಆದರೆ ಆ ವಾಟ ಎಲ್ಲಿ ಕೊನೆಯಾಗುತ್ತದೆ? ಹೂವಿನ ಮಡಿಗೋ ಇಂಗುಗುಂಡಿಗೋ ಆದರೆ ಗುಂಡಿ ಪರೀಕ್ಷೆ ಬೇಕೇ ಬೇಕು. ರಸ್ತೆಯ ಗಟಾರಕ್ಕಾದರೆ ಅಷ್ಟು ಮುಖ್ಯವಲ್ಲ.

ಈಗ ನನ್ನ ಪ್ರಶ್ನೆ. ನಿಮ್ಮ ಟೆರೇಸಿನ ನೀರಿನ ಪೈಪು ಎಲ್ಲಿ ಬಂದು ಬೀಳುತ್ತದೆ? ಒಂದು ಮಿಲಿಮೀಟರ್ ಮಳೆ ಒಂದು ಚದರ ಮೀಟರಿಗೆ ಒಂದು ಲೀಟರ್. ನಿಮ್ಮ ಹಿತ್ತಲು 180 ಚದರಡಿ, ಅಂದರೆ ಸುಮಾರು 16.7 ಚದರ ಮೀಟರ್. 50 ಮಿ.ಮೀ ಮಳೆ ಹೊಡೆದರೆ 835 ಲೀಟರ್. ಟೆರೇಸ್ 600 ಚದರಡಿ ಅಂತ ಹಿಡಿಯಿರಿ, ಅದೇ ಮಳೆಗೆ 2,780 ಲೀಟರ್ ಮೇಲೆ. ಹಿತ್ತಲಿನಲ್ಲಿ ನೀರು ನಿಂತರೆ ಜನ ಮಣ್ಣನ್ನು ಬೈಯುತ್ತಾರೆ. ನಾನು ನೋಡಿದ ಹತ್ತರಲ್ಲಿ ಏಳು ಮನೆಯಲ್ಲಿ ತಪ್ಪು ಮೇಲಿನಿಂದ ಬರುವ ಪೈಪಿನದು.

ಕರಿಬೇವಿನ ಕುಂಡ · ಬೆಳಿಗ್ಗೆ 7:20
ಕಾಕಾ, ಈಗ ಹೋಗಿ ನೋಡಿ ಬಂದೆ. ಎರಡು ಪೈಪಿನ್ಯಾಗ ಒಂದು ಹಿತ್ತಲಿಗೆ ಇಳದೈತಿ, ಮಲ್ಲಿಗಿ ಬಳ್ಳಿ ಹಿಂದ ಮುಚ್ಚಿ ಹೋಗಿತ್ತು. ನಾಲ್ಕು ವರ್ಷದಿಂದ ಇದ್ದ ಮನಿ, ನನಗ ಗೊತ್ತ ಇರಲಿಲ್ಲ!

ತುಳಸಿಕಟ್ಟೆ (ಠಾಣೆ) · ಬೆಳಿಗ್ಗೆ 8:02
ಮಲ್ಲಿಗೆ ಅಷ್ಟು ಚೆನ್ನಾಗಿ ಬೆಳೆದಿದ್ದು ಯಾಕೆ ಅಂತ ಈಗ ಗೊತ್ತಾಯ್ತಲ್ಲ 😄

ಮ್ಹಾಪ್ಸಾ ಮಾರಾಯ (ಗೋವಾ) · ಬೆಳಿಗ್ಗೆ 11:30
ಪುಣೆಯವರ ಕಷ್ಟ ಕೇಳಿ ನಗು ಬರ್ತದೆ ಮಾರಾಯ್ರೆ. ನಮಗೆ ವರ್ಷಕ್ಕೆ 3,000 ಮಿ.ಮೀ, ಅದೂ ಬಹುಪಾಲು ನಾಲ್ಕು ತಿಂಗಳಲ್ಲಿ. ಆದರೆ ನಮ್ಮದು ಕೆಂಪುಕಲ್ಲಿನ ನೆಲ, ಮೇಲೆ ಮೇಲೆ ನೀರು ಚೆಂದ ಇಳೀತದೆ. ಹಾಗಂತ ನಾನು ಧೈರ್ಯ ಮಾಡಿದ್ದೇ ತಪ್ಪಾಯ್ತು.

ಅಂಗಳಕ್ಕೆ ಪೇವರ್ ಹಾಕುವ ಮೊದಲು ಕಂಪೌಂಡಿನ ಬುಡದಲ್ಲಿ ಇಂಗುಗುಂಡಿ ತೋಡಿಸಿದೆ. ಐದಡಿವರೆಗೆ ಮುರಕಲ್ಲು. ಆರನೇ ಅಡಿಗೆ ಪಿಕಾಸಿ ಮೆತ್ತಗೆ ಹೊಕ್ಕಿತು. ನೋಡಿದರೆ ಶೇಡಿ ಮಣ್ಣು, ಬಿಳಿ, ನುಣ್ಣಗೆ, ಉಗುರಲ್ಲಿ ಕೆರೆದರೆ ಮುಖಕ್ಕೆ ಹಾಕುವ ಪೌಡರಿನ ಹಾಗೆ. ಕೆಲಸದವ "ಇಲ್ಲಿಗೆ ಸಾಕು" ಅಂದ, ನಾನು ಕೇಳಲಿಲ್ಲ, ಇನ್ನೂ ಒಂದಡಿ ತೋಡಿಸಿದೆ. ಜುಲೈಯಲ್ಲಿ ನೀರು ಕೆಳಗೆ ಇಳಿಯುವ ಬದಲು ಆ ಶೇಡಿಯನ್ನೇ ಕರಗಿಸಿ ಪಕ್ಕಕ್ಕೆ ಹೊರಟಿತು. ಒಂದು ದಿನ ಬೆಳಿಗ್ಗೆ ನೋಡ್ತೇನೆ, ಕಂಪೌಂಡ್ ಗೋಡೆ ಪಕ್ಕದ ಮನೆಯ ಕಡೆ ಬಾಗಿ ನಮಸ್ಕಾರ ಮಾಡ್ತಾ ಉಂಟು. ಪಕ್ಕದವರು ಒಳ್ಳೆಯವರಾದ ಕಾರಣ ಬಚಾವು.

ಇಂಗುಗುಂಡಿ ಮಾಡುದಾದರೆ ಮನೆ ಪಾಯದಿಂದ ಕಡಿಮೆಯೆಂದರೂ ಹತ್ತಡಿ ದೂರ ಇರಲಿ. ಗೋಡೆಯಿಂದಲೂ.

8:17ರ ಲೋಕಲ್ · ಮಧ್ಯಾಹ್ನ 1:10
ಇಷ್ಟೆಲ್ಲ ಯಾಕೆ, ಫ್ರೆಂಚ್ ಡ್ರೈನ್ ಮಾಡಿಸಿಬಿಡಿ. ವಿಡಿಯೋದಲ್ಲಿ ಎಷ್ಟು ಚೆನ್ನಾಗಿ ತೋರಿಸ್ತಾರೆ. ಫ್ರಾನ್ಸಿನವರು ಬುದ್ಧಿವಂತರು ಕಣ್ರೀ.

ಹಳೇ ಓವರ್ಸಿಯರ್ · ಮಧ್ಯಾಹ್ನ 2:45
ಫ್ರಾನ್ಸಿಗೂ ಅದಕ್ಕೂ ಸಂಬಂಧವಿಲ್ಲ. ಹೆನ್ರಿ ಫ್ರೆಂಚ್ ಎಂಬ ಅಮೆರಿಕದ ವಕೀಲ 1859ರಲ್ಲಿ ಹೊಲದ ನೀರು ಬಸಿಯುವ ಬಗ್ಗೆ ಪುಸ್ತಕ ಬರೆದ, ಅವನ ಹೆಸರು ಅಂಟಿಕೊಂಡಿತು. ಸಣ್ಣ ಕಾಲುವೆ ತೋಡಿ ಜಲ್ಲಿ ತುಂಬುವುದು, ಅಷ್ಟೇ. ಅಡಕೆ ತೋಟದ ಬಸಿಗಾಲುವೆ ಕಂಡವರಿಗೆ ಇದೇನು ಹೊಸದಲ್ಲ. ಎರೆಮಣ್ಣಿನಲ್ಲಿ ಮಾಡುವುದಾದರೆ ಜಲ್ಲಿಯ ಸುತ್ತ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಸುತ್ತಲೇಬೇಕು. ಇಲ್ಲದಿದ್ದರೆ ಜೇಡಿ ಜಲ್ಲಿಯ ಸಂದಿಗೆ ನುಗ್ಗಿ ಎರಡೇ ವರ್ಷಕ್ಕೆ ಕಟ್ಟಿಕೊಳ್ಳುತ್ತದೆ. ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಕುವ ಮಹಾನುಭಾವರನ್ನೂ ನೋಡಿದ್ದೇನೆ. ಅದು ಬಸಿಗಾಲುವೆ ಆಗಲಿಲ್ಲ, ತೊಟ್ಟಿಯಾಯಿತು.

ತುಳಸಿಕಟ್ಟೆ · ಮಧ್ಯಾಹ್ನ 3:20
ಒಂದು ಮಾತು ಕೇಳಿ. ಹಿತ್ತಲಲ್ಲಿ ಡ್ರೈನೇಜ್ ಚೇಂಬರ್ ಇದ್ರೆ ಅದರ ಮುಚ್ಚಳದ ಮೇಲೆ ಫರ್ಶಿ ಹಾಸೋಕೆ ಬಿಡಬೇಡಿ. ಅಂದ ಕೆಡುತ್ತೆ ಅಂತ ನಮ್ಮ ಭಾವ ಗ್ರಾನೈಟ್ ಹಾಕಿಸಿ ಮುಚ್ಚಿಸಿದ್ರು. ಗಣಪತಿ ಕೂರಿಸಿದ ದಿನವೇ ಬ್ಲಾಕ್ ಆಯ್ತು. ಮನೆ ತುಂಬ ನೆಂಟರು, ಬಾತ್‌ರೂಮಿನಲ್ಲಿ ನೀರು ವಾಪಸ್, ಹೊರಗೆ ಇಬ್ಬರು ಡ್ರಿಲ್ ಹಿಡಿದು ಗ್ರಾನೈಟ್ ಒಡೀತಿದ್ದಾರೆ, ಒಳಗೆ ನಾವು ಆರತಿ ಹಾಡ್ತಿದ್ದೀವಿ. ಕಡುಬು ಗಂಟಲಲ್ಲಿ ಇಳೀಲಿಲ್ಲ.

ಮಳೆ ನೀರಿನ ಪೈಪನ್ನೂ ಆ ಚೇಂಬರಿಗೆ ಸೇರಿಸಬೇಡಿ. ಜೋರು ಮಳೆಗೆ ಅದೇ ದಾರಿಯಲ್ಲಿ ಗಲೀಜು ಮನೆಯೊಳಗೆ ಬರುತ್ತೆ.

8:17ರ ಲೋಕಲ್ · ಮಧ್ಯಾಹ್ನ 3:34
ಜೋರು ಮಳೆ ಅಂದ್ರೆ ನಾವು ಹೇಳ್ಬೇಕು. 2005ರ ಜುಲೈ 26, ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ನಾನು ಕುರ್ಲಾದಿಂದ ನಡ್ಕೊಂಡು...

ಕೋಥ್ರೂಡ್ ಕಾಂಕ್ರೀಟ್ · ಮಧ್ಯಾಹ್ನ 3:36
ಈ ಕಥೆ ಪ್ರತಿ ಚರ್ಚೆಯಲ್ಲೂ ಬರುತ್ತೆ. ಹೋದ ಸಲ ಇಡ್ಲಿ ಹಿಟ್ಟು ಹುಳಿ ಬರೋ ಚರ್ಚೆಯಲ್ಲೂ ಬಂದಿತ್ತು. ವಿಷಯಕ್ಕೆ ಬನ್ನಿ.

ಕರಿಬೇವಿನ ಕುಂಡ · ಮೇ 8, ಸಂಜೆ 5:15
ವರದಿ ಒಪ್ಪಿಸಾಕ ಬಂದೀನಿ. ನಿನ್ನೆ ಇಡೀ ದಿನ ಗುಂಡಿ ತುಂಬಿಸಿದೆ. ಮುಂಜಾನೆ ಮೊದಲನೇ ಸಲ ಕಾಲು ತಾಸಿನ್ಯಾಗ ಖಾಲಿ. ಮಧ್ಯಾಹ್ನ ಒಂದೂವರಿ ತಾಸು ಹಿಡೀತು. ರಾತ್ರಿ ಹತ್ತಕ್ಕ ತುಂಬಿಸಿದ್ದು ಇವತ್ತ ಮುಂಜಾನೆ ಆರಕ್ಕೂ ಮುಕ್ಕಾಲು ಗುಂಡಿ ಹಂಗ ಇತ್ತು!

ಆಮ್ಯಾಲ ಮಗನ ಕಂಪಾಸ್ ಪೆಟ್ಟಿಗಿ ಸ್ಕೇಲು ನೆಟ್ಟೆ. ಆರಕ್ಕ 20 ಸೆಂ.ಮೀ. ಏಳಕ್ಕ 19.3. ಎಂಟಕ್ಕ 18.7. ಸಂಜೆ ನಾಲ್ಕಕ್ಕ ನೋಡಿದ್ರ 14ಕ್ಕಿಂತ ಚೂರು ಮ್ಯಾಲ. ಅಂದ್ರ ತಾಸಿಗೆ ಅರ್ಧ ಸೆಂ.ಮೀ ಚಿಲ್ಲರ. ಮೊನ್ನೆ ಗುಂಡಿ ಗ್ವಾಡಿ ತುಂಬ ಸಣ್ಣ ಸಣ್ಣ ಸೀಳು ಇದ್ದವು, ಇವತ್ತ ಒಂದೂ ಇಲ್ಲ. ಬೆಣ್ಣಿ ಸವರಿದಂಗ ಕರ್ರಗ ಹೊಳೀತೈತಿ. ಬೆರಳು ಇಟ್ರ ಅಂಟಿಕೊಂಡ ಬರತೈತಿ, ಸೋಪು ಹಚ್ಚಿದ್ರೂ ಉಗುರಿನ್ಯಾಗಿಂದು ಹೋಗವಲ್ದು.

ಇನ್ನೊಂದು. ಎಂಟು ಇಂಚು ಕೆಳಗ ಒಡದ ಟೈಲ್ಸ್, ಗಟ್ಟಿಯಾದ ಸಿಮೆಂಟ್ ಗಡ್ಡಿ, ಎರಡು ಗುಟ್ಕಾ ಚೀಟಿ ಸಿಕ್ಕವು. ಬಿಲ್ಡರ್ ನಮಗ ಬಿಟ್ಟು ಹೋದ ಆಸ್ತಿ.

ಗರಸಿನ ದಾರಿ · ಸಂಜೆ 5:28
ನೋಡ್ರಿ! ತೋಟ ಮಾಡೋರು ತಾಸಿಗೆ ಒಂದು ಇಂಚಾದ್ರೂ ಇಳೀಬೇಕು ಅಂತಾರ, ಅಂದ್ರ ಎರಡೂವರಿ ಸೆಂ.ಮೀ. ನಿಮ್ಮದು ಅದರ ಕಾಲು ಭಾಗಾನೂ ಇಲ್ಲ. ಇಂಗುಗುಂಡಿ ಆಸೆ ಬಿಡ್ರಿ. ಮೂರು ಅಡಿ ಉದ್ದ, ಮೂರು ಅಡಿ ಅಗಲ, ನಾಲ್ಕು ಅಡಿ ಆಳದ ಗುಂಡಿಗೆ ಕಲ್ಲು ತುಂಬಿದ್ರ 400 ಲೀಟರ್ ಹಿಡದರ ಹೆಚ್ಚು. ನಿಮ್ಮ ಟೆರೇಸ್ ನೀರಿಗೆ ಅದು ಒಂದು ಗುಟುಕು. ಒಮ್ಮೆ ತುಂಬಿದ್ರ ವಾರಗಟ್ಟಲೆ ಖಾಲಿ ಆಗೂದಿಲ್ಲ, ಡೆಂಗಿ ಸೊಳ್ಳಿಗೆ ತವರುಮನಿ.

ಕೋಥ್ರೂಡ್ ಕಾಂಕ್ರೀಟ್ · ಸಂಜೆ 5:50
ಒಪ್ಪಿದೆ, ಗುಂಡಿ ಏನೋ ಹೇಳಿತು. ಆದ್ರೆ ಕೊನೆಗೆ ನನ್ನ ಮಾತಿಗೇ ಬಂದ್ರಿ, ವಾಟ ಕೊಟ್ಟು ಹೊರಗೆ ಬಿಡಬೇಕು 🙂

ಹಳೇ ಓವರ್ಸಿಯರ್ · ಸಂಜೆ 6:40
ಬರುತ್ತೇವೆ, ಆದರೆ ಮಟ್ಟ ನೋಡದೆ ಅಲ್ಲ. ತಂಗಿ, ಹತ್ತು ಮೀಟರ್ ಪಾರದರ್ಶಕ ಪೈಪು ತನ್ನಿ, ನೀರು ತುಂಬಿ, ಒಳಗೆ ಗುಳ್ಳೆ ಇರಬಾರದು. ಒಂದು ತುದಿ ಅಡಿಗೆಮನೆ ಹೊಸ್ತಿಲಿಗೆ, ಇನ್ನೊಂದು ತುದಿ ಹಿತ್ತಲಿನ ನಾಲ್ಕೂ ಮೂಲೆಗೆ, ಆಮೇಲೆ ಪಕ್ಕದ ಓಣಿಗೆ, ಕೊನೆಗೆ ರಸ್ತೆ ಗಟಾರಕ್ಕೆ. ಎರಡೂ ತುದಿಯ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಅದರಿಂದ ಅಳೆದು ಪ್ರತಿ ಜಾಗದ ಮಟ್ಟ ಬರೆದುಕೊಳ್ಳಿ. ರಸಮಟ್ಟ ಇಷ್ಟು ದೂರಕ್ಕೆ ಸಾಲದು. ಮುಗಿದ ಫರ್ಶಿಯ ಮೇಲ್ಮೈ ಮನೆಯ ನೆಲಮಟ್ಟವಾದ ಪ್ಲಿಂತ್‌ಗಿಂತ ಕಡಿಮೆಯೆಂದರೂ 6 ಇಂಚು ಕೆಳಗಿರಬೇಕು, ಇಲ್ಲದಿದ್ದರೆ ಸಿಡಿದ ನೀರೇ ಗೋಡೆಗೆ ತೇವ ಹತ್ತಿಸುತ್ತದೆ.

8:17ರ ಲೋಕಲ್ · ಸಂಜೆ 6:55
ವಾಟ ಅಂದ್ರೆ ಏನು? ನಾವು ಇಳಿಜಾರು ಅಂತೀವಿ.

ಗರಸಿನ ದಾರಿ · ಸಂಜೆ 6:58
ಇಲ್ಲಿ ಗೌಂಡಿಗೆ ಉತಾರ ಅಂದ್ರ ತಿಳೀತೈತಿ. ಇಳಿಜಾರು ಅಂದ್ರ "ಹೌದ್ರಿ" ಅಂತ ತಲಿ ಆಡಿಸಿ ಸಪಾಟ ಹಾಕಿ ಹೋಗ್ತಾನ.

ಮ್ಹಾಪ್ಸಾ ಮಾರಾಯ · ಸಂಜೆ 7:15
ಯಾವ ಶಬ್ದ ಹೇಳಿದರೂ ಸಪಾಟೇ ಹಾಕ್ತಾರೆ. ನೂಲು ಕಟ್ಟಿ, ಗೂಟಕ್ಕೆ ಗುರುತು ಹಾಕಿ, ಪಕ್ಕದಲ್ಲಿ ನಿಲ್ಲಬೇಕು.

ತುಳಸಿಕಟ್ಟೆ · ಸಂಜೆ 7:40
ಶಹಾಬಾದ್ ಕಲ್ಲು ನಮ್ಮ ಕಲಬುರಗಿ ಜಿಲ್ಲೆಯದು ಅಂತ ಇಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಪುಣೆಯ ಹಳೇ ವಾಡೆಗಳಲ್ಲಿ, ಚಾಳ್‌ಗಳಲ್ಲಿ ಕಾಲಿಟ್ಟಲ್ಲೆಲ್ಲ ಅದೇ. ಸುಣ್ಣದ ಕಲ್ಲು, ಆ್ಯಸಿಡ್ ಹಾಕಿ ತೊಳೀಬೇಡಿ, ನಿಂಬೆಹಣ್ಣಿನ ರಸ ಬಿದ್ರೂ ಕಲೆ. ಪಾಲಿಶ್ ಮಾಡಿಸಲೂ ಬೇಡಿ, ಪಾಚಿ ಹಿಡಿದ್ರೆ ಅತ್ತೆಯವರು ಜಾರ್ತಾರೆ.

ಕರಿಬೇವಿನ ಕುಂಡ · ಮೇ 11, ಮಧ್ಯಾಹ್ನ 12:30
ಕಾಕಾ, ಮಟ್ಟ ಹಿಡದೆ. ಒಂದು ತುದಿ ಅತ್ತೆಯವರ ಕೈಯಾಗ, ಇನ್ನೊಂದು ನನ್ನ ಕೈಯಾಗ. ಅವರು "ನೀರು ಬಂತು, ನೀರು ಹೋತು" ಅಂತ ಕೂಗೋದು, ಪಕ್ಕದ ಮನಿ ಮರಾಠಿ ಮಾವಶಿ ಗೋಡಿ ಮ್ಯಾಲಿಂದ ಹಣಿಕಿ ಹಾಕೋದು, ದೊಡ್ಡ ತಮಾಷಿ ಆತು.

ಸಿಕ್ಕದ್ದಿಷ್ಟು: ಇಡೀ ಹಿತ್ತಲಾಗ ಎಲ್ಲಾಕಿಂತ ತಗ್ಗು ಜಾಗ ಅಂದ್ರ ಅಡಿಗಿಮನಿ ಬಾಗಲ ಮೂಲಿನ. ಹಿಂದಿನ ಕಂಪೌಂಡಿಗಿಂತ ಒಂದೂ ಮುಕ್ಕಾಲು ಇಂಚು ಕೆಳಗ. ಅಂದ್ರ ಈಗಿರೋ ಇಳಿಜಾರು ಮನಿ ಕಡೆಗೇ ಐತಿ! ಹೊಸ್ತಿಲು ಮಣ್ಣಿಂದ ಬರೇ 7 ಇಂಚು ಮ್ಯಾಲ. ಗೌಂಡಿ ಹೇಳಿದಂಗ ಇದ್ದ ಮಣ್ಣಿನ ಮ್ಯಾಲ 4 ಇಂಚು ಪಿಸಿಸಿ, ಮ್ಯಾಲ ಸಿಮೆಂಟ್ ಮಾಲು, ಮ್ಯಾಲ ಫರ್ಶಿ ಹಾಕಿದ್ರ ಆರೂವರಿ ಇಂಚು ಏರಿ ಹೊಸ್ತಿಲಿಗೆ ಸಮ ಆಗತಿತ್ತು. ಮಳಿ ನೀರು ಸೀದಾ ಗ್ಯಾಸ್ ಕಟ್ಟಿ ಕೆಳಗ. ಲೆಕ್ಕ ಹಾಕಿದಾಗ ನನಗ ಕಾಲು ನಡುಗಿತು.

ಒಳ್ಳೆ ಸುದ್ದಿ: ಪಕ್ಕದ ಓಣಿ 32 ಅಡಿ, ಮುಂದಿನ ರಸ್ತೆಯ ಮಳಿನೀರಿನ ಗಟಾರ ಈ ತಗ್ಗು ಮೂಲಿಗಿಂತ 14 ಇಂಚು ಕೆಳಗೈತಿ.

ಹಳೇ ಓವರ್ಸಿಯರ್ · ಮಧ್ಯಾಹ್ನ 1:20
ಭಲೆ! 14 ಇಂಚು ಸಿಕ್ಕಿತಲ್ಲ, ನಿಮ್ಮ ಅರ್ಧ ಕೆಲಸ ಆಯಿತು. ಓಣಿಯ ಕಾಲುವೆಗೆ ನೂರಕ್ಕೆ ಒಂದರ ವಾಟ ಕೊಟ್ಟರೂ 32 ಅಡಿಗೆ 4 ಇಂಚು ಸಾಕು. ಹಿತ್ತಲಿನ 12 ಅಡಿ ಅಗಲಕ್ಕೆ 2 ಇಂಚು ಕೊಡಿ, ಮನೆಯ ಗೋಡೆಯಿಂದ ಆಚೆಗೆ. ಹಿಂದಿನ ಕಂಪೌಂಡಿನ ಬುಡದಲ್ಲಿ ಜಾಳಿಗೆಯ ಕಾಲುವೆ ಮಾಡಿ ಅದನ್ನು ತಿರುಗಿಸಿ ಓಣಿಗೆ ತನ್ನಿ. ಈಗ ಹಿಂದಿನ ಕಡೆ ಎತ್ತರವಿರುವುದರಿಂದ ಅಲ್ಲಿ ಹೆಚ್ಚು ಅಗೆಯಬೇಕಾಗುತ್ತದೆ. ಕಾಲುವೆಯ ತಳದ ಮಟ್ಟವನ್ನು ಅಲ್ಲಿಂದ ಗಟಾರದವರೆಗೆ ಕೂಡಿಸಿ ನೋಡಿಯೇ ಗುದ್ದಲಿ ಹಾಕಿಸಿ. ಟೆರೇಸಿನ ಪೈಪಿಗೆ ಬೇರೆ ಪೈಪು ಜೋಡಿಸಿ ನೇರ ಗಟಾರಕ್ಕೆ ಬಿಡಿ, ಫರ್ಶಿಯ ಮೇಲೆ ಸುರಿಯುವುದು ಬೇಡ. ಮೇಲಿನ ಎರೆಮಣ್ಣು, ಆ ಟೈಲ್ಸು, ಗುಟ್ಕಾ ಚೀಟಿ ಎಲ್ಲ ಒಂದೂವರೆ ಅಡಿ ತೆಗೆಸಿ ಮುರುಮ್ ತುಂಬಿಸಿ, ಆರಾರು ಇಂಚಿಗೆ ನೀರು ಹಾಕಿ ಧಮ್ಮಸ್ ಹೊಡೆಸಿ, ಅಂದರೆ ಕುಟ್ಟಿ ಗಟ್ಟಿ ಮಾಡಿಸಿ.

ಗರಸಿನ ದಾರಿ · ಮಧ್ಯಾಹ್ನ 1:31
ಮುರುಮ್ ಅಂದ್ರ ನಮ್ಮ ಗರಸು. ನನ್ನ ಹೆಸರಿಗೆ ಈಗ ಬೆಲೆ ಬಂತು.

ಕೋಥ್ರೂಡ್ ಕಾಂಕ್ರೀಟ್ · ಮಧ್ಯಾಹ್ನ 2:05
ಇಷ್ಟೆಲ್ಲ ಮಾಡಿ ಮೇ 20ಕ್ಕೆ ಶುರು ಮಾಡಿದ್ರೆ ಮಳೆ ಮೊದಲು ಮುಗಿಯುತ್ತಾ? ಪುಣೆಗೆ ಮುಂಗಾರು ಬರೋದು ಜೂನ್ 10ರ ಸುಮಾರಿಗೆ.

8:17ರ ಲೋಕಲ್ · ಮಧ್ಯಾಹ್ನ 2:11
2025ರಲ್ಲಿ ಮುಂಬೈಗೆ ಮೇ 26ಕ್ಕೇ ಬಂದಿತ್ತು ಸ್ವಾಮಿ. ನನ್ನ ಛತ್ರಿ ಇನ್ನೂ ಅಟ್ಟದ ಮೇಲಿತ್ತು.

ಮ್ಹಾಪ್ಸಾ ಮಾರಾಯ · ಮಧ್ಯಾಹ್ನ 2:40
ನಾನಾದರೆ ಈ ಮಳೆಗಾಲ ಫರ್ಶಿ ಹಾಕುದಿಲ್ಲ. ಮಳೆಯಲ್ಲಿ ಛತ್ರಿ ಹಿಡಿದು ಹಿತ್ತಲಲ್ಲಿ ಅರ್ಧ ಗಂಟೆ ನಿಂತರೆ ಯಾವ ಇಂಜಿನಿಯರನೂ ಹೇಳದ್ದು ಕಾಣ್ತದೆ.

ಕರಿಬೇವಿನ ಕುಂಡ · ಮಧ್ಯಾಹ್ನ 3:30
ಅಯ್ಯೋ, ಮತ್ತ ದೀಪಾವಳಿತನಾ ಕಾಯಬೇಕಾ? ಕುರ್ಚಿ ತಂದಾಗೇತ್ರಿ 😔

ಹಳೇ ಓವರ್ಸಿಯರ್ · ಮಧ್ಯಾಹ್ನ 4:15
ಮ್ಹಾಪ್ಸಾದವರ ಮಾತು ನನಗೆ ಮೊದಲೇ ಹೊಳೆಯಬೇಕಿತ್ತು. ಈಗ ಪೈಪು, ಕಾಲುವೆ, ಮುರುಮ್ ಅಷ್ಟು ಮಾಡಿಸಿ. ಮಳೆಗಾಲದಲ್ಲಿ ಮುರುಮ್ ತಾನಾಗಿ ಕೂರುತ್ತದೆ, ಎಲ್ಲಿ ತಗ್ಗುತ್ತದೋ ಗೊತ್ತಾಗುತ್ತದೆ. ದಸರಾ ಕಳೆದ ಮೇಲೆ ಫರ್ಶಿ. ಕುರ್ಚಿ ಮುರುಮ್ ಮೇಲೂ ನಿಲ್ಲುತ್ತದೆ.

ಕರಿಬೇವಿನ ಕುಂಡ · ಮೇ 20, ರಾತ್ರಿ 8:50
ನಿನ್ನೆ ಸಂಜೆ ಅಡ್ಡಮಳಿ ಹೊಡೀತು, ಮುಕ್ಕಾಲು ತಾಸು. ಕರೆಂಟ್ ಹೋತು. ನಾ ಟಾರ್ಚ್ ಹಿಡ್ಕೊಂಡು ಅಡಿಗಿಮನಿ ಬಾಗಲದಾಗ ಕುಂತೆ. ಮೊದಲ ಹತ್ತು ನಿಮಿಷ ಎಲ್ಲೂ ನೀರಿಲ್ಲ, ಬಿರುಕಿಗೆ ಹೋಗ್ತಿತ್ತು. ಆಮ್ಯಾಲ ಮಲ್ಲಿಗಿ ಬುಡದಿಂದ ಒಂದು ಎಳಿ ಹೊರಗ ಬಂತು, ಬೆರಳು ದಪ್ಪ. ಒಣಗಿದ ಎಲಿ, ಹೂವಿನ ತೊಟ್ಟು ಹೊತ್ಕೊಂಡು ತುಳಸಿಕಟ್ಟಿ ಸುತ್ತಿ ನೆಟ್ಟಗ ನನ್ನ ಕಾಲ ಹತ್ರ ಬಂತು. ಹೋದ ವರ್ಷದ ನೀರು ಯಾವೂರಿಂದು ಅಂತ ಕೇಳಿದ್ದೆನಲ್ಲ, ನಮ್ಮ ಟೆರೇಸಿಂದು.

ಇವತ್ತ ಗೌಂಡಿ ಬಂದ. ಗುಂಡಿ ನೋಡಿದ, ಕಂಠಮಟ ತುಂಬಿತ್ತು. ಸ್ವಲ್ಪ ಹೊತ್ತು ಸುಮ್ಮನ ನಿಂತು ಅಂದ, "ನಾ ಹೇಳಿದ್ನೆಲ್ರಿ ಅಕ್ಕಾರ, ನೀರು ಕುಡಿಯೋ ಜಮೀನು ಅಂತ. ಈಗ ಹೊಟ್ಟಿ ತುಂಬೇತಿ."

ಫರ್ಶಿ ದಸರಾ ಆದಮ್ಯಾಲ. ನಾಳೆಯಿಂದ ಪೈಪು, ಕಾಲುವಿ, ಗರಸು.

ಕೋಥ್ರೂಡ್ ಕಾಂಕ್ರೀಟ್ · ರಾತ್ರಿ 8:58
ಗೌಂಡಿ ರಾಜಕೀಯಕ್ಕೆ ಬರಬೇಕಿತ್ತು.

8:17ರ ಲೋಕಲ್ · ರಾತ್ರಿ 9:03
ಮಲ್ಲಿಗೆ ಬಳ್ಳಿ ಏನು ಮಾಡ್ತೀರಿ? ಪೈಪು ಜೋಡಿಸ್ಬೇಕಾದ್ರೆ ಅದನ್ನ ಸರಿಸ್ಬೇಕಲ್ಲ?

ಕರಿಬೇವಿನ ಕುಂಡ · ರಾತ್ರಿ 9:10
ಅತ್ತೆಯವರು ಅದರ ಮುಂದ ಕುರ್ಚಿ ಹಾಕ್ಕೊಂಡು ಕುಂತಾರ. ಹೊಸಾ ಕುರ್ಚಿ.